ಬೋರ್ಡ್ ‘ನೋ’ ಎಂದು ಬರೆದರೆ ಅಲ್ಲಿಗೇ ಮುಗಿಯಲಿಲ್ಲ
ಸೇವೆಯಲ್ಲಿ ಬಂದ ಕಾಯಿಲೆಗೆ ಡಿಸೆಬಿಲಿಟಿ ಪಿಂಚಣಿ: ಮಾಜಿ ಸೈನಿಕರಿಗೊಂದು ಕೈಪಿಡಿ

ಲೋ ಮೆಡಿಕಲ್ ಕ್ಯಾಟಗರಿಯಲ್ಲಿರುವ ಸೈನಿಕ ಸೇನೆ ಬಿಡುವ ಮುನ್ನ ರಿಲೀಸ್ ಮೆಡಿಕಲ್ ಬೋರ್ಡಿನ ಮುಂದೆ ಹಾಜರಾಗಬೇಕು. ಅವಧಿ ಮುಗಿಯುವ ಮೊದಲೇ ಕಾಯಿಲೆಯ ಕಾರಣಕ್ಕೆ ಮನೆಗೆ ಕಳಿಸುವುದಾದರೆ ಅದು ಇನ್ವ್ಯಾಲಿಡಿಂಗ್ ಮೆಡಿಕಲ್ ಬೋರ್ಡ್. ಎರಡರಲ್ಲೂ ತುಂಬುವ ನಮೂನೆ ಒಂದೇ, ಎಎಫ್‌ಎಂಎಸ್‌ಎಫ್-16. ಹಲವು ಪುಟಗಳ ಆ ನಮೂನೆಯೊಳಗೆ ಒಂದು ಚಿಕ್ಕ ಕೋಷ್ಟಕವಿದೆ. ಅದರಲ್ಲಿ ಕಾಯಿಲೆಯ ಹೆಸರಿನ ಎದುರು ಮೂರು ಪ್ರಶ್ನೆ: ಇದು ಸೇವೆಯಿಂದ ಬಂದದ್ದೇ? ಸೇವೆಯಿಂದ ಉಲ್ಬಣವಾದದ್ದೇ? ಸೇವೆಗೆ ಸಂಬಂಧವೇ ಇಲ್ಲದ್ದೇ? ಜೊತೆಗೆ ಕಾರಣ ಬರೆಯಲು ಜಾಗ. ಮೊದಲ ಎರಡಕ್ಕೆ ‘ನೋ’, ಮೂರನೆಯದಕ್ಕೆ ‘ಯೆಸ್’ ಎಂದು ಬಿದ್ದರೆ, ಹದಿನೇಳು ವರ್ಷವೋ ಇಪ್ಪತ್ನಾಲ್ಕು ವರ್ಷವೋ ದುಡಿದು ಬಿಪಿ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಕಿವುಡು ಹೊತ್ತು ಊರಿಗೆ ಮರಳಿದವನಿಗೆ ಡಿಸೆಬಿಲಿಟಿ ಪಿಂಚಣಿ ಇಲ್ಲ.

ಬೆಳಗಾವಿ, ವಿಜಯಪುರ, ಗದಗ, ಹಾಸನ, ಕೊಡಗು ಕಡೆಯ ಎಷ್ಟೋ ಮನೆಗಳಲ್ಲಿ ಕಥೆ ಅಲ್ಲಿಗೇ ನಿಂತುಬಿಟ್ಟಿದೆ. ‘ಬೋರ್ಡೇ ಬರೆದ ಮೇಲೆ ಇನ್ನೇನಿದೆ ಸರ್’ ಎನ್ನುತ್ತಾರೆ. ಇದೆ, ಬಹಳ ಇದೆ. ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಸೈನಿಕನ ಪಕ್ಕದಲ್ಲಿ ನಿಂತೇ ಮಾತು ಶುರುಮಾಡುತ್ತದೆ. ಕಾಯಿಲೆ ಸೇವೆಯಿಂದಲೇ ಬಂತೆಂದು ಸೈನಿಕ ಸಾಬೀತುಮಾಡಬೇಕಿಲ್ಲ. ಸೇವೆಯಿಂದ ಬರಲಿಲ್ಲ ಎನ್ನುವ ಬೋರ್ಡು ಅದಕ್ಕೆ ಕಾರಣ ಕೊಡಬೇಕು. ಇದೊಂದು ಮಾತು ಗಟ್ಟಿಯಾಗಿ ತಿಳಿದಿದ್ದರೆ ಮುಂದಿನ ಹೆಜ್ಜೆಗಳು ತಾವಾಗಿಯೇ ಅರ್ಥವಾಗುತ್ತವೆ.

ಎಷ್ಟು ಸಿಗುತ್ತದೆ?

ಡಿಸೆಬಿಲಿಟಿ ಪಿಂಚಣಿಯಲ್ಲಿ ಎರಡು ಭಾಗ. ಒಂದು ಸರ್ವಿಸ್ ಎಲಿಮೆಂಟ್, ಅಂದರೆ ಸೇವೆಗೆ ಸಿಗುವ ಪಿಂಚಣಿ. ಇನ್ನೊಂದು ಡಿಸೆಬಿಲಿಟಿ ಎಲಿಮೆಂಟ್, ಅಂದರೆ ಕಾಯಿಲೆಗೆ ಸಿಗುವ ಪರಿಹಾರ. ಪೂರ್ಣ ಸೇವೆ ಮುಗಿಸಿದವರಿಗೆ ಮೊದಲನೆಯದು ಹೇಗೂ ಬರುತ್ತಿರುತ್ತದೆ, ತಪ್ಪಿಹೋಗುವುದು ಎರಡನೆಯದು. ಕಾಯಿಲೆಯ ಪ್ರಕರಣಗಳಲ್ಲಿ ಶೇ 100ರಷ್ಟು ವೈಕಲ್ಯಕ್ಕೆ ಕೊನೆಯ ಸಂಬಳದ ಶೇ 30ರಷ್ಟು ಎಂಬುದು ಲೆಕ್ಕ. ವೈಕಲ್ಯ ಕಡಿಮೆಯಾದಂತೆ ಹಣವೂ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ಅವಧಿ ಮುಗಿಸಿ ನಿವೃತ್ತರಾದವರಿಗೆ ಕನಿಷ್ಠ ಶೇ 20ರಷ್ಟು ವೈಕಲ್ಯವಿರಬೇಕು. ಕಾಯಿಲೆಯ ಕಾರಣಕ್ಕೇ ಬೋರ್ಡ್ ಔಟ್ ಆದವರ ವಿಷಯ ಬೇರೆ. ಸೇವೆಯಲ್ಲಿ ಮುಂದುವರಿಯಲು ಆಗದಷ್ಟು ಕಾಯಿಲೆ ಎಂದು ಮನೆಗೆ ಕಳಿಸಿದ ಮೇಲೆ ಅದು ಶೇ 20ಕ್ಕಿಂತ ಹೆಚ್ಚೇ ಇದ್ದಿರಬೇಕು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ.

ಇನ್ನು ಬ್ರಾಡ್ ಬ್ಯಾಂಡಿಂಗ್. ಬಹಳ ಜನ ಇದನ್ನು ಕೇಳಿದ್ದಾರೆ, ಆದರೆ ತಮಗೂ ಸಲ್ಲುತ್ತದೆಂದು ಗೊತ್ತಿರುವುದಿಲ್ಲ. ಶೇ 50ಕ್ಕಿಂತ ಕಡಿಮೆ ಇರುವುದನ್ನು 50 ಎಂದು, 50ರಿಂದ 75ರವರೆಗಿನದನ್ನು 75 ಎಂದು, 76ರಿಂದ ಮೇಲಿನದನ್ನು 100 ಎಂದು ಎಣಿಸಬೇಕು. 2001ರ ಜನವರಿ 31ರ ಸರ್ಕಾರಿ ಆದೇಶ ಇದನ್ನು ಬೋರ್ಡ್ ಔಟ್ ಆದವರಿಗೆ ಮಾತ್ರ ಕೊಟ್ಟಿತ್ತು. ಅವಧಿ ಮುಗಿಸಿ ನಿವೃತ್ತರಾದವರಿಗೂ ಇದು ಸಲ್ಲಬೇಕು ಎಂದು 2014ರ ಡಿಸೆಂಬರ್ 10ರಂದು ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು.

ಹವಾಲ್ದಾರರೊಬ್ಬರ ಕೊನೆಯ ಸಂಬಳ, ಮಿಲಿಟರಿ ಸರ್ವಿಸ್ ಪೇ ಸೇರಿ, 50,000 ರೂಪಾಯಿ ಎಂದಿಟ್ಟುಕೊಳ್ಳಿ. ಅದರ ಶೇ 30 ಎಂದರೆ 15,000. ಅವರ ಬಿಪಿಗೆ ಬೋರ್ಡ್ ಶೇ 30ರಷ್ಟು ವೈಕಲ್ಯ ಬರೆದಿದ್ದರೆ ತಿಂಗಳಿಗೆ 4,500 ರೂಪಾಯಿ. ಬ್ರಾಡ್ ಬ್ಯಾಂಡಿಂಗ್ ಆಗಿ 50 ಆದರೆ 7,500. ಇದರ ಮೇಲೆ ತುಟ್ಟಿಭತ್ಯೆ. ಈಗಾಗಲೇ ಡಿಸೆಬಿಲಿಟಿ ಪಿಂಚಣಿ ಪಡೆಯುತ್ತಿರುವವರೂ ತಮ್ಮ ಪಿಪಿಒ ತೆಗೆದು ನೋಡಬೇಕು. ಅದರಲ್ಲಿ ಇನ್ನೂ 20, 30, 40 ಎಂಬ ಅಂಕಿಯೇ ಇದ್ದರೆ ನಿಮ್ಮ ಹಣ ಅರ್ಧಂಬರ್ಧ ಬರುತ್ತಿದೆ ಎಂದೇ ಅರ್ಥ.

ಬಿಪಿಯ ಜೊತೆ ಶುಗರ್ ಕೂಡ ಇದ್ದರೆ ಎರಡರ ಶೇಕಡಾವಾರನ್ನು ನೇರವಾಗಿ ಕೂಡಿಸುವುದಿಲ್ಲ. ಒಟ್ಟು ಪರಿಣಾಮ ನೋಡಿ ಸಂಯುಕ್ತ ಅಂಕಿಯೊಂದನ್ನು ಬೋರ್ಡ್ ಕೊಡುತ್ತದೆ. ಒಂದನ್ನು ಸೇವೆಗೆ ಸಂಬಂಧಿಸಿದ್ದೆಂದು ಒಪ್ಪಿ ಇನ್ನೊಂದನ್ನು ಬಿಟ್ಟಿದ್ದರೆ, ಒಪ್ಪಿದ ಕಾಯಿಲೆಯ ಅಂಕಿಯಷ್ಟೇ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಮೇಲ್ಮನವಿ ಹಾಕುವಾಗ ಬಿಟ್ಟುಹೋದ ಕಾಯಿಲೆಯ ಹೆಸರನ್ನು ಎತ್ತಿ ಬರೆಯಲೇಬೇಕು.

ಕಾನೂನು ಎಲ್ಲಿಂದ ಶುರುವಾಗುತ್ತದೆ

ಭರ್ತಿಯಾಗುವ ದಿನ ಸೇನೆಯ ವೈದ್ಯರೇ ಹುಡುಗನನ್ನು ತಲೆಯಿಂದ ಕಾಲಿನವರೆಗೆ ಪರೀಕ್ಷಿಸುತ್ತಾರೆ. ಎದೆ ಅಳೆಯುತ್ತಾರೆ, ಕಣ್ಣು ಕಿವಿ ನೋಡುತ್ತಾರೆ, ಚಪ್ಪಟೆ ಪಾದವಿದ್ದರೂ ವಾಪಸ್ ಕಳಿಸುತ್ತಾರೆ. ಅಷ್ಟೆಲ್ಲ ಆದ ಮೇಲೆ ‘ಫಿಟ್’ ಎಂದು ಬರೆದುಕೊಂಡವನಿಗೆ ಹತ್ತು ವರ್ಷದ ನಂತರ ಕಾಯಿಲೆ ಬಂದರೆ? 1982ರ ಎನ್‌ಟೈಟಲ್‌ಮೆಂಟ್ ನಿಯಮಗಳು ಇದಕ್ಕೆ ನೇರ ಉತ್ತರ ಕೊಟ್ಟಿದ್ದವು. ಸೇರುವಾಗ ದಾಖಲಾಗದ ಕಾಯಿಲೆ ಸೇವೆಯಲ್ಲಿ ಕಾಣಿಸಿಕೊಂಡರೆ ಅದು ಸೇವೆಯಿಂದಲೇ ಬಂದಿದೆ ಎಂದು ಭಾವಿಸಬೇಕು. ಸಾಬೀತುಮಾಡುವ ಹೊರೆ ಸೈನಿಕನ ಮೇಲಿಲ್ಲ. ಸಂದೇಹವಿದ್ದರೆ ಅದರ ಲಾಭ ಅವನಿಗೇ ಸಿಗಬೇಕು. ಈ ಕಾಯಿಲೆ ಭರ್ತಿಯ ಹೊತ್ತಿನಲ್ಲಿ ಪತ್ತೆಯಾಗುವಂಥದ್ದಲ್ಲ ಎಂದು ವೈದ್ಯರು ಹೇಳುವುದಾದರೆ ಅದಕ್ಕೂ ಕಾರಣ ಬರೆಯಬೇಕು.

ಈ ಸಾಲುಗಳಿಗೆ ಜೀವ ತುಂಬಿದ್ದು ಧರ್ಮವೀರ್ ಸಿಂಗ್ ಪ್ರಕರಣ. ಮೇಲ್ಮನವಿಯಲ್ಲಿ ಉಲ್ಲೇಖಿಸಲು ಈ ಹೆಸರನ್ನು ನೀವು ನೆನಪಿಟ್ಟುಕೊಳ್ಳಲೇಬೇಕು. 1985ರಲ್ಲಿ ಸಿಗ್ನಲ್ಸ್‌ಗೆ ಸಿಪಾಯಿಯಾಗಿ ಸೇರಿದವರು, ಮೂರ್ಛೆ ಬರತೊಡಗಿದ ಮೇಲೆ 1994ರಲ್ಲಿ ಶೇ 20ರ ವೈಕಲ್ಯದೊಂದಿಗೆ ಹೊರಬಂದರು. ಇದು ದೇಹಪ್ರಕೃತಿಯ ಕಾಯಿಲೆ, ಸೇವೆಗೆ ಸಂಬಂಧವಿಲ್ಲ ಎಂದು ಬೋರ್ಡ್ ಬರೆದಿತ್ತು. ಹೈಕೋರ್ಟಿನ ಏಕಸದಸ್ಯ ಪೀಠ ಅವರ ಪರ ನಿಂತಿತು, ವಿಭಾಗೀಯ ಪೀಠ ಆ ಆದೇಶವನ್ನು ರದ್ದುಮಾಡಿತು. ಕೊನೆಗೆ 2013ರ ಜುಲೈ 2ರಂದು ಸುಪ್ರೀಂ ಕೋರ್ಟ್ ಅವರಿಗೆ ಪಿಂಚಣಿ ಕೊಡಿಸಿತು. ಸೇರುವಾಗ ಮೂರ್ಛೆಯ ದಾಖಲೆ ಇರಲಿಲ್ಲ, ಸಂಬಂಧವಿಲ್ಲ ಎನ್ನಲು ಬೋರ್ಡ್ ಕಾರಣ ಕೊಟ್ಟಿರಲಿಲ್ಲ. ನ್ಯಾಯಾಲಯಕ್ಕೆ ಅಷ್ಟೇ ಸಾಕಾಯಿತು. 2025ರ ಏಪ್ರಿಲ್‌ನಲ್ಲೂ ಅದೇ ದಾರಿಯ ತೀರ್ಪು ಬಂದಿದೆ. ಸಿಯಾಚಿನ್‌ನಲ್ಲಿ ಕೆಲಸ ಮಾಡಿ 1989ರಲ್ಲಿ ಮೂರ್ಛೆಯ ಕಾರಣಕ್ಕೆ ಹೊರಬಿದ್ದ ಯೋಧರೊಬ್ಬರಿಗೆ ಮೂರೂವರೆ ದಶಕದ ನಂತರ ಸುಪ್ರೀಂ ಕೋರ್ಟಿನಲ್ಲಿ ನ್ಯಾಯ ಸಿಕ್ಕಿತು. ಅಷ್ಟು ವರ್ಷ ಕಾಯಿಸಿದ್ದು ತಪ್ಪು ಎಂದೇ ನನಗನ್ನಿಸುತ್ತದೆ. ಆದರೂ ತಡವಾಯಿತೆಂದು ಕೈಬಿಟ್ಟವರಿಗೆ ಆ ತೀರ್ಪು ಧೈರ್ಯ ಕೊಡುವಂಥದ್ದು.

ಇಲ್ಲೊಂದು ಎಚ್ಚರ ಬೇಕು. ನಿಮಗೆ ಯಾವ ನಿಯಮ ಅನ್ವಯ ಎಂಬುದು ನೀವು ಹೊರಬಂದ ದಿನಾಂಕದ ಮೇಲೆ ನಿಂತಿದೆ. 2008ರ ಜನವರಿ 1ರ ಮೊದಲು ಬಂದವರಿಗೆ 1982ರ ನಿಯಮ. ಆಮೇಲಿನವರಿಗೆ 2008ರ ನಿಯಮ. 2023ರ ಸೆಪ್ಟೆಂಬರ್ 21ರಿಂದ ಈಚೆಗೆ ಬಂದವರಿಗೆ 2023ರ ಹೊಸ ನಿಯಮ; ಇದರಲ್ಲಿ ಕಾಯಿಲೆಯೊಂದಿಗೇ ಸೇವೆಯಲ್ಲಿ ಮುಂದುವರಿದು ನಿವೃತ್ತರಾದವರಿಗೆ ಸಿಗುವ ಹಣಕ್ಕೆ ‘ಇಂಪೇರ್‌ಮೆಂಟ್ ರಿಲೀಫ್’ ಎಂಬ ಬೇರೆ ಹೆಸರಿದೆ. 2008ರ ನಿಯಮದಲ್ಲಿ ಹಳೆಯದರಷ್ಟು ಬಿಡಿಸಿ ಹೇಳಿಲ್ಲ ಎಂದು ಸರ್ಕಾರ ವಾದಿಸುತ್ತ ಬಂದಿದೆ. ಅಲ್ಲೂ ಸಾಮಾನ್ಯವಾಗಿ ಹಕ್ಕುದಾರನೇ ಸಾಬೀತುಮಾಡಬೇಕಿಲ್ಲ ಎಂಬ ಮಾತು ಉಳಿದಿದೆ. ಆದರೆ ಹೊರಬಂದು 15 ವರ್ಷ ದಾಟಿ, ಅಷ್ಟರಲ್ಲಿ ಸೇವಾ ದಾಖಲೆಗಳು ನಾಶವಾಗಿದ್ದರೆ ಹೊರೆ ನಿಮ್ಮ ಹೆಗಲಿಗೆ ಬರುತ್ತದೆ. ಬೇಗ ಅರ್ಜಿ ಹಾಕಿ ಎಂದು ನಾನು ಒತ್ತಿ ಹೇಳಲು ಇದೂ ಒಂದು ಕಾರಣ.

ಪೀಸ್ ಸ್ಟೇಷನ್ ಎಂಬ ಉತ್ತರ

ಬಿಪಿ, ಶುಗರ್, ಹೃದಯದ ಕಾಯಿಲೆಗಳ ಅರ್ಜಿ ತಿರಸ್ಕರಿಸುವಾಗ ಬೋರ್ಡುಗಳು ಹೆಚ್ಚು ಬಳಸುವ ವಾಕ್ಯ ಬಹುಮಟ್ಟಿಗೆ ಒಂದೇ: ಕಾಯಿಲೆ ಪೀಸ್ ಸ್ಟೇಷನ್‌ನಲ್ಲಿ ಶುರುವಾಗಿದೆ; ಫೀಲ್ಡ್, ಹೈ ಆಲ್ಟಿಟ್ಯೂಡ್ ಅಥವಾ ಕೌಂಟರ್ ಇನ್‌ಸರ್ಜೆನ್ಸಿ ಸೇವೆಯ ಒತ್ತಡಕ್ಕೂ ಇದಕ್ಕೂ ಕಾಲದ ಹತ್ತಿರದ ನಂಟಿಲ್ಲ. ಅಧಿಕಾರಿಗಳ ಪತ್ರದಲ್ಲಿ ಇದೇ ‘ಎನ್‌ಎಎನ್‌ಎ’ ಎಂಬ ನಾಲ್ಕಕ್ಷರವಾಗಿ ಬರುತ್ತದೆ, ಅಂದರೆ ಸೇವೆಯಿಂದ ಬಂದದ್ದೂ ಅಲ್ಲ, ಉಲ್ಬಣವಾದದ್ದೂ ಅಲ್ಲ. ಜೀವನಶೈಲಿಯ ಕಾಯಿಲೆ ಎಂಬ ಮಾತನ್ನೂ ಕೆಲವೊಮ್ಮೆ ಸೇರಿಸಿರುತ್ತಾರೆ.

ಈ ವಾಕ್ಯಕ್ಕೆ ಆಧಾರವಿಲ್ಲದಿಲ್ಲ. ಬೋರ್ಡಿನ ವೈದ್ಯರು ಅನುಸರಿಸುವ ‘ಗೈಡ್ ಟು ಮೆಡಿಕಲ್ ಆಫೀಸರ್ಸ್’ ಎಂಬ ಪುಸ್ತಕವಿದೆ. ಫೀಲ್ಡ್, ಕೌಂಟರ್ ಇನ್‌ಸರ್ಜೆನ್ಸಿ, ಹೈ ಆಲ್ಟಿಟ್ಯೂಡ್ ಪ್ರದೇಶಗಳಲ್ಲಿ ಅಥವಾ ಹಡಗಿನಲ್ಲಿ ದೀರ್ಘಕಾಲ ಇದ್ದಾಗ ಶುಗರ್ ಶುರುವಾದರೆ ಸೇವೆಯಿಂದ ಉಲ್ಬಣವಾಯಿತೆಂದು ಒಪ್ಪಬಹುದು ಎನ್ನುತ್ತದೆ ಅದು. ಹೃದಯದ ಕಾಯಿಲೆಯಲ್ಲಿ, ತೊಂದರೆ ಕಾಣಿಸಿಕೊಳ್ಳುವ ಮುಂಚಿನ 14 ದಿನ ಆ ವ್ಯಕ್ತಿ ಯಾವ ಕೆಲಸದಲ್ಲಿದ್ದ ಎಂಬ ಪಟ್ಟಿಯನ್ನು ಯೂನಿಟ್‌ನಿಂದ ತರಿಸಿ ನೋಡಬೇಕು. ನಿಮಗೆ ಹೃದಯಾಘಾತ ಆಗಿದ್ದರೆ ಆ 14 ದಿನಗಳ ಪಟ್ಟಿ ಫೈಲಿನಲ್ಲಿದೆಯೇ ಎಂದು ಮೊದಲು ವಿಚಾರಿಸಿ. ಗಾರ್ಡ್ ಡ್ಯೂಟಿ, ರಾತ್ರಿ ಪ್ಯಾಟ್ರೋಲ್, ವಾರ್ಷಿಕ ಫೈರಿಂಗ್, ಬಿಪಿಇಟಿ ಓಟ, ಎಕ್ಸರ್‌ಸೈಜ್ ಎಲ್ಲವೂ ಅದರಲ್ಲಿ ಬರಬೇಕು.

ಆದರೆ ಬಿಪಿ ಪತ್ತೆಯಾದ ದಿನವೇ ಹುಟ್ಟಿದ ದಿನವಲ್ಲ. ಗೋಕಾಕ ಕಡೆಯ ಒಬ್ಬ ನಾಯಕ್ ಎರಡು ವರ್ಷ ಲೇಹ್ ಕಡೆ ಪೋಸ್ಟಿನಲ್ಲಿದ್ದು, ಆಮೇಲೆ ಮೂರು ವರ್ಷ ರಜೌರಿಯಲ್ಲಿ ರಾತ್ರಿಯೆಲ್ಲ ಆಂಬುಷ್ ಕೂತು, ಅಲ್ಲಿಂದ ಪುಣೆಗೆ ಬಂದ ಆರನೇ ತಿಂಗಳಿಗೆ ವಾರ್ಷಿಕ ತಪಾಸಣೆಯಲ್ಲಿ ಬಿಪಿ ಏರಿದ್ದು ಕಂಡುಬಂತು ಎಂದಿಟ್ಟುಕೊಳ್ಳಿ. ಕಾಗದದ ಮೇಲೆ ಕಾಯಿಲೆ ಶುರುವಾದ ಊರು ಪುಣೆ, ಅಂದರೆ ಪೀಸ್. ಆದರೆ ಬಿಪಿ ಸದ್ದಿಲ್ಲದೆ ಬೆಳೆಯುವ ಕಾಯಿಲೆ, ಅಳೆಯುವವರೆಗೂ ಗೊತ್ತಾಗುವುದಿಲ್ಲ. ಇನ್ನು ಪೀಸ್ ಸ್ಟೇಷನ್ ಎಂದರೆ ವಿಶ್ರಾಂತಿಧಾಮವೂ ಅಲ್ಲ. ಮನೆಯವರಿಂದ ದೂರ, ಶಿಸ್ತಿನ ಕಟ್ಟು, ಯಾವ ಗಳಿಗೆಯಲ್ಲೂ ಹೊರಡಬೇಕಾದ ತಯಾರಿ ಎಲ್ಲ ಅಲ್ಲೂ ಇರುತ್ತದೆ. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಸುಬೇದಾರರೊಬ್ಬರ ಮಧುಮೇಹದ ಪ್ರಕರಣದಲ್ಲಿ ಇದನ್ನೇ ಎತ್ತಿಹಿಡಿಯಿತು. ಪೀಸ್ ಸ್ಟೇಷನ್‌ನಲ್ಲಿ ಬಂತು ಎಂಬುದೊಂದೇ ಪಿಂಚಣಿ ನಿರಾಕರಿಸಲು ಕಾರಣವಾಗದು. ಸೇವೆಯಿಂದಲ್ಲವಾದರೆ ಮತ್ತೆ ಯಾವುದರಿಂದ ಬಂತು ಎಂದು ಬೋರ್ಡ್ ಹೇಳಬೇಕು ಎಂಬುದು ಆ ತೀರ್ಪಿನ ಸಾರ. ಅದು 2008ರ ನಿಯಮಗಳಡಿ ಬಂದ ಪ್ರಕರಣ ಎಂಬುದು ಇನ್ನೂ ಮುಖ್ಯ.

ಹಾಗಾಗಿ ಮೇಲ್ಮನವಿಯ ಬೆನ್ನೆಲುಬು ನಿಮ್ಮ ಪೋಸ್ಟಿಂಗ್ ಪಟ್ಟಿ. ಸೇರಿದ ದಿನದಿಂದ ಕಾಯಿಲೆ ಪತ್ತೆಯಾದ ದಿನದವರೆಗೆ ಯಾವ ಯೂನಿಟ್, ಯಾವ ಊರು, ಎಷ್ಟು ಅವಧಿ, ಫೀಲ್ಡೋ ಪೀಸೋ ಎಂದು ಸಾಲುಸಾಲಾಗಿ ಬರೆಯಿರಿ. ಪತ್ತೆಯಾದ ಮೇಲೂ ನಿಮ್ಮನ್ನು ಕಠಿಣ ಪ್ರದೇಶಕ್ಕೆ ಕಳಿಸಿದ್ದರೆ ಅದನ್ನು ಪ್ರತ್ಯೇಕವಾಗಿ ಬರೆಯಿರಿ. ಕಾಯಿಲೆ ಸೇವೆಯಿಂದ ಬರದಿದ್ದರೂ ಸೇವೆಯಿಂದ ಉಲ್ಬಣವಾಗಿದ್ದರೆ ಪಿಂಚಣಿ ಸಿಗಬೇಕು. ಈ ಎರಡನೇ ದಾರಿಯನ್ನು ಬಹಳ ಅರ್ಜಿಗಳು ಮರೆತೇಬಿಡುತ್ತವೆ.

ಮನಸ್ಸಿನ ಕಾಯಿಲೆಗಳ ಬಗ್ಗೆ ಒಂದು ಮಾತು. ಸ್ಕಿಜೋಫ್ರೇನಿಯಾದಂಥ ಕಾಯಿಲೆಯಿಂದ ಹೊರಬಂದವರ ಮನೆಯವರು ನಾಚಿಕೆಯಿಂದಲೋ ಹೆದರಿಕೆಯಿಂದಲೋ ಅರ್ಜಿಯನ್ನೇ ಹಾಕಿರುವುದಿಲ್ಲ. ಅಂಥ ಪ್ರಕರಣಗಳಲ್ಲಿ ಎರಡೂ ಬಗೆಯ ತೀರ್ಪುಗಳಿವೆ. ಮನೋರೋಗ ಭರ್ತಿಯ ತಪಾಸಣೆಯಲ್ಲಿ ಸಿಗದೇ ಹೋಗಬಹುದು ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಒಬ್ಬ ಯೋಧನಿಗೆ ಪಿಂಚಣಿ ನಿರಾಕರಿಸಿತ್ತು. 2025ರ ಮೇ ತಿಂಗಳಲ್ಲಿ ಅದೇ ಕಾಯಿಲೆಯ ಇನ್ನೊಂದು ಪ್ರಕರಣದಲ್ಲಿ, ಕಾರಣಗಳಿಲ್ಲದ ಬೋರ್ಡ್ ಅಭಿಪ್ರಾಯವನ್ನು ಆಧಾರವಾಗಿಟ್ಟು ಪಿಂಚಣಿ ತಡೆಹಿಡಿಯುವಂತಿಲ್ಲ ಎಂದಿತು. ಆದ್ದರಿಂದ ಬೋರ್ಡಿನ ವರದಿಯಲ್ಲಿ ಕಾರಣ ಇದೆಯೇ, ಬರೀ ಕಾಯಿಲೆಯ ಹೆಸರನ್ನೇ ಕಾರಣ ಎಂಬಂತೆ ಬರೆದಿದ್ದಾರೆಯೇ ಎಂದು ಮೊದಲು ನೋಡಿ. ಮನೆಯವರು ಮುಂದೆ ಬನ್ನಿ. ಮರೆಮಾಚಬೇಕಾದದ್ದು ಇದರಲ್ಲಿ ಏನೂ ಇಲ್ಲ.

ಇನ್ನೂ ಸೇವೆಯಲ್ಲಿರುವವರಿಗೆ

ಎಎಫ್‌ಎಂಎಸ್‌ಎಫ್-16ರ ಮೊದಲ ಭಾಗ ನಿಮ್ಮದೇ ಹೇಳಿಕೆ. ಎಲ್ಲೆಲ್ಲಿ ಸೇವೆ ಮಾಡಿದಿರಿ, ಸೇರುವ ಮೊದಲು ಈ ಕಾಯಿಲೆ ಇತ್ತೇ ಎಂಬ ಪ್ರಶ್ನೆಗಳ ಜೊತೆ ಇನ್ನೊಂದು ಪ್ರಶ್ನೆ ಇರುತ್ತದೆ: ನಿಮ್ಮ ಕಾಯಿಲೆಗೆ ಕಾರಣವಾದ ಅಥವಾ ಅದನ್ನು ಹೆಚ್ಚಿಸಿದ ಘಟನೆ ಸೇವೆಯಲ್ಲಿ ಏನಾದರೂ ನಡೆದಿದ್ದರೆ ವಿವರ ಕೊಡಿ. ‘ಬೇಗ ಸೈನ್ ಮಾಡಿ ಸಾಬ್, ಹಿಂದೆ ಇನ್ನೂ ಜನ ಇದ್ದಾರೆ’ ಎಂಬ ಅವಸರದಲ್ಲಿ ಆ ಜಾಗಕ್ಕೆ ‘ನಿಲ್’ ಎಂದು ಬಿದ್ದುಬಿಡುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಹಿಂದಿನ ರಾತ್ರಿಯೇ ಕೂತು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ: ಯಾವ ಎತ್ತರದಲ್ಲಿ ಎಷ್ಟು ದಿನ ಇದ್ದಿರಿ, ಯಾವ ಆಪರೇಷನ್‌ನಲ್ಲಿದ್ದಿರಿ, ತೋಪಿನ ಪಕ್ಕ ಎಷ್ಟು ವರ್ಷ ನಿಂತಿರಿ, ಯಾವ ಎಂಐ ರೂಮಿನಲ್ಲಿ ಮೊದಲು ತೋರಿಸಿದಿರಿ. ಬೋರ್ಡಿನ ದಿನ ಅದನ್ನು ನೋಡಿಕೊಂಡು ತುಂಬಿಸಿ. ಅಲ್ಲಿ ಬರೆದ ನಾಲ್ಕು ಸಾಲು ಮುಂದೆ ನ್ಯಾಯಾಲಯದವರೆಗೂ ಬರುತ್ತದೆ.

ಗಾಯವಾಗಿದ್ದರೆ ಆ ಹೊತ್ತಿನಲ್ಲೇ ಐಎಎಫ್‌ವೈ-2006 ಎಂಬ ಇಂಜುರಿ ರಿಪೋರ್ಟ್ ಮಾಡಿಸಬೇಕು. ತೋಪಿನವರು, ಟ್ಯಾಂಕಿನವರು ಕಿವಿಯ ಆಡಿಯೋಗ್ರಾಮನ್ನು ಸೇವೆಯಲ್ಲಿರುವಾಗಲೇ ಮಾಡಿಸಿ ಪ್ರತಿ ಇಟ್ಟುಕೊಳ್ಳುವುದು ಒಳ್ಳೆಯದು. ತೂಕದ ವಿಷಯದಲ್ಲೂ ಹುಷಾರು. ವೈದ್ಯರು ತೂಕ ಇಳಿಸಲು ಹೇಳಿದ್ದನ್ನು ಪಾಲಿಸಲಿಲ್ಲ ಎಂಬ ಟಿಪ್ಪಣಿ ಬಿದ್ದರೆ ಅದು ಮುಂದೆ ನಿಮ್ಮ ವಿರುದ್ಧ ನಿಲ್ಲುತ್ತದೆ. ಮದ್ಯ, ತಂಬಾಕು, ಮಾದಕವಸ್ತುಗಳ ಅತಿಸೇವನೆಯಿಂದ ಬಂದ ಕಾಯಿಲೆಗೆ ನಿಯಮಗಳಲ್ಲಿ ಪರಿಹಾರವಿಲ್ಲ. ಕುಡಿತದ ಬಗ್ಗೆ ವೈದ್ಯರು ಕೇಳಿದಾಗ ಹುಡುಗಾಟಕ್ಕೆ ಉತ್ತರ ಕೊಡುವವರನ್ನು ನೋಡಿದರೆ ಸಂಕಟವಾಗುತ್ತದೆ. ಅವರು ಅದನ್ನು ಬರೆದುಕೊಳ್ಳುತ್ತಾರೆ.

ಕಾಗದ ಎಲ್ಲಿ ಸಿಗುತ್ತದೆ

ಹಳೆಯ ಡಿಸ್ಚಾರ್ಜ್ ಬುಕ್ ಮತ್ತು ಪಿಪಿಒ ಹೆಚ್ಚಿನವರ ಬಳಿ ಇರುತ್ತದೆ. ಇಲ್ಲದಿರುವುದು ಬೋರ್ಡ್ ಪ್ರೊಸೀಡಿಂಗ್ಸ್, ಅಂದರೆ ತುಂಬಿದ ಎಎಫ್‌ಎಂಎಸ್‌ಎಫ್-16ರ ಪ್ರತಿ. ಅದಿಲ್ಲದೆ ಮೇಲ್ಮನವಿ ಬರೆಯುವುದು ಕತ್ತಲಲ್ಲಿ ಗುರಿಯಿಟ್ಟ ಹಾಗೆ. ನಿಮ್ಮ ರೆಕಾರ್ಡ್ ಆಫೀಸಿಗೆ ಮಾಹಿತಿ ಹಕ್ಕಿನಡಿ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಅರ್ಜಿ ಕಳಿಸಿ. 30 ದಿನದೊಳಗೆ ಉತ್ತರ ಬರಬೇಕು. ಬೋರ್ಡ್ ಪ್ರೊಸೀಡಿಂಗ್ಸ್, ಭರ್ತಿಯ ವೈದ್ಯಕೀಯ ವರದಿ, ಆಸ್ಪತ್ರೆಗೆ ಸೇರಿದ ದಾಖಲೆಗಳು, ಪೋಸ್ಟಿಂಗ್ ವಿವರ, ಪಿಂಚಣಿ ತಿರಸ್ಕರಿಸಿದ ಪತ್ರ ಇವನ್ನು ಹೆಸರು ಹೆಸರಾಗಿ ಕೇಳಬೇಕು. ‘ನನ್ನ ಎಲ್ಲ ದಾಖಲೆ’ ಎಂದರೆ ಏನೂ ಬರುವುದಿಲ್ಲ.

ಮರಾಠಾ ಲೈಟ್ ಇನ್‌ಫೆಂಟ್ರಿಯವರಿಗೆ ರೆಕಾರ್ಡ್ಸ್ ಬೆಳಗಾವಿಯಲ್ಲಿದೆ. ಮದ್ರಾಸ್ ಸ್ಯಾಪರ್ಸ್‌ನವರಿಗೆ ಬೆಂಗಳೂರಿನಲ್ಲಿ. ಆರ್ಟಿಲರಿಯವರು ನಾಸಿಕ್ ರೋಡಿಗೆ, ಸಿಗ್ನಲ್ಸ್‌ನವರು ಜಬಲ್ಪುರಕ್ಕೆ, ಇಎಂಇಯವರು ಸಿಕಂದರಾಬಾದಿಗೆ ಬರೆಯಬೇಕು. ವಾಯುಪಡೆಯ ಏರ್‌ಮನ್‌ಗಳ ದಾಖಲೆ ದೆಹಲಿಯ ಸುಬ್ರತೋ ಪಾರ್ಕಿನಲ್ಲಿ, ನೌಕಾಪಡೆಯ ಸೇಲರ್‌ಗಳದ್ದು ಮುಂಬೈಯ ಮಾನ್‌ಖುರ್ದಿನ ಬ್ಯೂರೋ ಆಫ್ ಸೇಲರ್ಸ್‌ನಲ್ಲಿ. ಪಿಂಚಣಿ ಇಲ್ಲದೆ ಹೊರಬಂದವರ ದಾಖಲೆಗಳನ್ನು 25 ವರ್ಷದ ನಂತರ ನಾಶಮಾಡುವ ಪದ್ಧತಿಯಿದೆ. ಹತ್ತು ವರ್ಷವೂ ತುಂಬದೆ ಬೋರ್ಡ್ ಔಟ್ ಆದ ಹುಡುಗರಿಗೇ ಇದರ ಪೆಟ್ಟು ಹೆಚ್ಚು. ನಿಮ್ಮ ಪರಿಚಯದಲ್ಲಿ ಅಂಥವರಿದ್ದರೆ ಈ ವಾರವೇ ಅರ್ಜಿ ಬರೆಸಿ.

ಮೇಲ್ಮನವಿಯಿಂದ ಟ್ರಿಬ್ಯೂನಲ್‌ವರೆಗೆ

ತಿರಸ್ಕಾರದ ಪತ್ರ ಬಂದ ಆರು ತಿಂಗಳೊಳಗೆ ಮೊದಲ ಮೇಲ್ಮನವಿ ಹಾಕಬೇಕು. ಅದನ್ನು ರೆಕಾರ್ಡ್ ಆಫೀಸಿನ ಮೂಲಕವೇ ಕಳಿಸುವುದು. ನೋಡುವುದು ಮೊದಲ ಮೇಲ್ಮನವಿಗಳ ಸಮಿತಿ. ಅಲ್ಲೂ ಆಗದಿದ್ದರೆ ಎರಡನೇ ಮೇಲ್ಮನವಿ. ಬರೆಯುವಾಗ ಕಷ್ಟಸುಖಕ್ಕಿಂತ ಮೊದಲು ವಿಷಯ ಬರಲಿ. ಇಂಥ ದಿನ ಶೇಪ್-1 ಎಂದು ಭರ್ತಿಯಾದೆ, ಭರ್ತಿಯ ದಾಖಲೆಯಲ್ಲಿ ಈ ಕಾಯಿಲೆ ಇಲ್ಲ. ಇಂಥ ಕಡೆ ಇಷ್ಟು ಕಾಲ ಸೇವೆ ಮಾಡಿದೆ. ಇಂಥ ದಿನ ಇಂಥ ಆಸ್ಪತ್ರೆಯಲ್ಲಿ ಪತ್ತೆಯಾಯಿತು. ಬೋರ್ಡ್ ಇಂಥ ಪುಟದಲ್ಲಿ ಹೀಗೆ ಬರೆದಿದೆ, ಅದಕ್ಕೆ ಕಾರಣ ಕೊಟ್ಟಿಲ್ಲ. ಸೇವೆಯಿಂದ ಬಂದದ್ದೆಂದು, ಇಲ್ಲವಾದರೆ ಉಲ್ಬಣವಾದದ್ದೆಂದು ಒಪ್ಪಿ, ಬ್ರಾಡ್ ಬ್ಯಾಂಡಿಂಗ್ ಸಹಿತ ಮಂಜೂರು ಮಾಡಿ. ಇಷ್ಟಕ್ಕೆ ಎರಡು ಪುಟ ಸಾಕು. ಸ್ಪೀಡ್ ಪೋಸ್ಟ್ ರಸೀದಿಯನ್ನು ಜೋಪಾನ ಮಾಡಿ.

ಆರು ತಿಂಗಳಾದರೂ ಉತ್ತರ ಬರಲಿಲ್ಲವೆಂದರೆ, ಅಥವಾ ‘ಇಲ್ಲ’ ಎಂದೇ ಬಂದರೆ, ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. 2007ರ ಕಾಯ್ದೆಯಡಿ ಹುಟ್ಟಿ 2009ರಿಂದ ಕೆಲಸ ಮಾಡುತ್ತಿರುವ ಈ ಟ್ರಿಬ್ಯೂನಲ್‌ನ ಕೊಚ್ಚಿ ಪೀಠದ ವ್ಯಾಪ್ತಿಗೆ ಕರ್ನಾಟಕ ಸೇರಿದೆ. ನೀವು ಎಲ್ಲಿಂದ ನಿವೃತ್ತರಾದಿರಿ ಎಂಬುದು ಮುಖ್ಯವಲ್ಲ. ಈಗ ವಾಸವಿರುವ ಜಾಗದ ಆಧಾರದ ಮೇಲೆ ಅಲ್ಲಿ ಅರ್ಜಿ ಹಾಕಬಹುದು. ವಕೀಲರಿಲ್ಲದೆ ತಾವೇ ವಾದಿಸುವ ಹಕ್ಕೂ ಇದೆ. ಟ್ರಿಬ್ಯೂನಲ್‌ನಲ್ಲಿ ಸೋತರೆ ಹೈಕೋರ್ಟಿನ ಬಾಗಿಲು ಮುಚ್ಚಿಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಮಾರ್ಚ್‌ನಲ್ಲಿ ಸ್ಪಷ್ಟಪಡಿಸಿದೆ.

ತಡವಾದರೆ? ಪಿಂಚಣಿ ಪ್ರತಿ ತಿಂಗಳೂ ತಪ್ಪುತ್ತಿರುವ ಹಣ, ಆದ್ದರಿಂದ ತಡವಾಯಿತೆಂಬ ಒಂದೇ ಕಾರಣಕ್ಕೆ ಹಕ್ಕು ಸಾಯುವುದಿಲ್ಲ. ಇದು 2008ರ ತರ್ಸೇಮ್ ಸಿಂಗ್ ತೀರ್ಪು. ಆದರೆ ಅದೇ ತೀರ್ಪು ಬಾಕಿ ಹಣವನ್ನು ಅರ್ಜಿ ಹಾಕಿದ ದಿನದಿಂದ ಹಿಂದಿನ ಮೂರು ವರ್ಷಕ್ಕೆ ಸೀಮಿತಗೊಳಿಸಿತು. 2005ರಲ್ಲಿ ನಿವೃತ್ತರಾಗಿ ಇವತ್ತು ನ್ಯಾಯಾಲಯಕ್ಕೆ ಹೋದವರು ಗೆದ್ದರೂ ನಡುವಿನ ಅಷ್ಟು ವರ್ಷಗಳ ಹಣ ಸಾಮಾನ್ಯವಾಗಿ ಕೈಬಿಟ್ಟುಹೋಗುತ್ತದೆ. ಕೂತಷ್ಟು ದಿನವೂ ನಷ್ಟವೇ.

ಸೇವೆಯಲ್ಲಿದ್ದಾಗ ಕಾಣದ ಕಾಯಿಲೆ ನಿವೃತ್ತಿಯ ನಂತರ ಕಾಣಿಸಿಕೊಂಡರೂ ದಾರಿಯಿದೆ. 2008ರ ನಿಯಮಗಳ ಪ್ರಕಾರ ಹೊರಬಂದ 7 ವರ್ಷದೊಳಗೆ ಬಂದ ಕಾಯಿಲೆಯ ಬೀಜ ಸೇವೆಯಲ್ಲೇ ಬಿದ್ದಿತ್ತೆಂದು ವೈದ್ಯಕೀಯ ಪ್ರಾಧಿಕಾರ ಒಪ್ಪಿದರೆ ಹಕ್ಕು ಸಿಗುತ್ತದೆ. ಇಲ್ಲಿ ಸಾಬೀತುಮಾಡುವ ಕೆಲಸ ಕಷ್ಟದ್ದೇ. ತಜ್ಞ ವೈದ್ಯರ ವಿವರವಾದ ಪತ್ರ ಬೇಕು. 10 ವರ್ಷ ತುಂಬುವ ಮೊದಲೇ ಬೋರ್ಡ್ ಔಟ್ ಆಗಿ, ಕಾಯಿಲೆ ಸೇವೆಗೆ ಸಂಬಂಧಿಸಿದ್ದಲ್ಲ ಎನಿಸಿಕೊಂಡವರಿಗೆ ಇನ್ವ್ಯಾಲಿಡ್ ಪಿಂಚಣಿ ಎಂಬ ಇನ್ನೊಂದು ಬಾಗಿಲಿದೆ. 2019ರ ಜನವರಿ 4ರಂದು ಸೇವೆಯಲ್ಲಿದ್ದವರಿಗೆ ಮತ್ತು ಆಮೇಲಿನವರಿಗೆ ಸರ್ಕಾರ 2020ರಲ್ಲಿ ಇದನ್ನು ಕೊಟ್ಟಿತು. ನಾಗರಿಕ ಉದ್ಯೋಗಕ್ಕೂ ಶಾಶ್ವತವಾಗಿ ಅಸಮರ್ಥರಾಗಿರಬೇಕು ಎಂಬ ಷರತ್ತು ಮಾತ್ರ ಬಿಗಿಯಾಗಿದೆ.

ಹೋರಾಡುತ್ತಲೇ ಯೋಧ ತೀರಿಹೋದರೆ ಪತ್ನಿ ಪ್ರಕರಣ ಮುಂದುವರಿಸಬಹುದು. ಯೋಧ ಬದುಕಿದ್ದ ದಿನದವರೆಗಿನ ಬಾಕಿ ಪತ್ನಿಗೆ ಬರಬೇಕು. ಅದೇ ಕಾಯಿಲೆಯೇ ಸಾವಿಗೆ ಕಾರಣವಾಗಿದ್ದರೆ ವಿಶೇಷ ಕುಟುಂಬ ಪಿಂಚಣಿಯನ್ನೂ ಕೇಳಬಹುದೇ ಎಂದು ವಿಚಾರಿಸಬೇಕು. ಮರಣ ಪ್ರಮಾಣಪತ್ರದಲ್ಲಿ ಸಾವಿನ ಕಾರಣವನ್ನು ವೈದ್ಯರಿಂದ ಸರಿಯಾಗಿ ಬರೆಸಿಕೊಳ್ಳಿ ಎಂದು ನಾನು ಹೇಳುವುದು ಅದಕ್ಕಾಗಿ.

ಸಹಾಯ ಕೇಳುವಾಗ

ಬಾಕಿ ಹಣದಲ್ಲಿ ಇಷ್ಟು ಪಾಲು ಕೊಟ್ಟರೆ ಪಿಂಚಣಿ ಮಾಡಿಸಿಕೊಡುತ್ತೇವೆ ಎನ್ನುವ ಮಧ್ಯವರ್ತಿಗಳು ಊರೂರಿನಲ್ಲೂ ಓಡಾಡುತ್ತಾರೆ. ಗೆದ್ದ ಹಣದಲ್ಲಿ ಪಾಲು ಕೇಳುವುದು ವಕೀಲರಿಗೂ ಬಾರ್ ಕೌನ್ಸಿಲ್ ನಿಯಮದಲ್ಲಿ ನಿಷಿದ್ಧ. ಖಾಲಿ ಹಾಳೆಗೆ, ಖಾಲಿ ಚೆಕ್ಕಿಗೆ ಸಹಿ ಹಾಕಬೇಡಿ. ಸ್ಪರ್ಶ್ ಪೋರ್ಟಲ್‌ನ ಪಾಸ್‌ವರ್ಡ್ ಮತ್ತು ಒಟಿಪಿ ಯಾರಿಗೂ ಕೊಡಬೇಡಿ.

ಮೊದಲು ಹೋಗಬೇಕಾದದ್ದು ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಗೆ. ಅಲ್ಲಿ ಅರ್ಜಿ ಬರೆಯಲು, ರೆಕಾರ್ಡ್ಸ್‌ನೊಂದಿಗೆ ಪತ್ರವ್ಯವಹಾರ ಮಾಡಲು ನೆರವು ಕೇಳಬಹುದು. ಕಾನೂನು ನೆರವಿಗೆ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2025ರ ಜುಲೈನಲ್ಲಿ ವೀರ ಪರಿವಾರ ಸಹಾಯತಾ ಯೋಜನೆಯನ್ನು ಆರಂಭಿಸಿದೆ. ಸೈನಿಕ ಮಂಡಳಿಗಳಲ್ಲೇ ಉಚಿತ ಕಾನೂನು ನೆರವಿನ ಕೇಂದ್ರ ತೆರೆಯುವುದು ಅದರ ಉದ್ದೇಶ. ನಿಮ್ಮ ಜಿಲ್ಲೆಯಲ್ಲಿ ಶುರುವಾಗಿದೆಯೇ ಎಂದು ಕೇಳಿ. ಇಲ್ಲವಾದರೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ.

ಆದೇಶ ಗೆದ್ದು ಬಂದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ಆದೇಶದ ದೃಢೀಕೃತ ಪ್ರತಿಯನ್ನು ರೆಕಾರ್ಡ್ಸ್‌ಗೆ ಕಳಿಸಿ, ಹೊಸ ಪಿಪಿಒಗಾಗಿ ಕಾಯಬೇಕು. ಟ್ರಿಬ್ಯೂನಲ್ ಕೊಟ್ಟ ಗಡುವು ದಾಟಿದರೆ ಜಾರಿ ಅರ್ಜಿ ಹಾಕಬಹುದು. ಪಿಪಿಒ ಸ್ಪರ್ಶ್‌ನಲ್ಲಿ ಕಾಣಿಸಿಕೊಂಡ ದಿನ ಮೂರು ಅಂಕಿಗಳನ್ನು ಆದೇಶದ ಪಕ್ಕದಲ್ಲಿಟ್ಟು ನೋಡಿ: ಶೇಕಡಾವಾರು ಎಷ್ಟು, ಯಾವ ದಿನದಿಂದ ಜಾರಿ, ಜೀವನಪೂರ್ತಿಯೇ ಅಥವಾ ಇಷ್ಟೇ ವರ್ಷಕ್ಕೆಂದು ಮಿತಿ ಹಾಕಿದ್ದಾರೆಯೇ. ಒಂದರಲ್ಲಿ ವ್ಯತ್ಯಾಸವಿದ್ದರೂ ಅಂದೇ ಸ್ಪರ್ಶ್‌ನಲ್ಲಿ ದೂರು ದಾಖಲಿಸಿ, ಅದರ ಸಂಖ್ಯೆಯನ್ನು ಪಿಪಿಒ ಹಾಳೆಯ ಮೇಲೇ ಬರೆದಿಟ್ಟುಕೊಳ್ಳಿ.